ಹದಿನಾಲ್ಕು ಮನೆಯ ಮುಯ್ಯಾಳು

ಆ ಮೂರು ದಿನ ನಾವು ಗೆದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ದಡ್ಡತನದ ಕಥೆ ಬರುತ್ತದೆ, ಅದನ್ನು ಓದುತ್ತ ಯಾರೂ ನನ್ನ ಮೇಲೆ ಕನಿಕರ ಪಡಬಾರದು. ಕನಿಕರ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಚಿಂತಾಮಣಿಯ ಕಾಲೇಜೊಂದರಲ್ಲಿ ನಾನು ಬಿ.ಕಾಂ. ತರಗತಿಗಳಿಗೆ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತೇನೆ. ಮೊದಲ ಅಧ್ಯಾಯದಲ್ಲೇ ಒಂದು ಪ್ರಶ್ನೆ ಇದೆ: ನಿರ್ವಹಣೆ ಎನ್ನುವುದು ವಿಜ್ಞಾನವೋ, ಕಲೆಯೋ? ಎರಡೂ ಹೌದು ಎಂದು ಬರೆದು, ಆ ಕಡೆಗೆ ನಾಲ್ಕು ಈ ಕಡೆಗೆ ನಾಲ್ಕು ಅಂಶ ಹಾಕಿದರೆ ಅಂಕ ಗ್ಯಾರಂಟಿ. ಮೌಲ್ಯಮಾಪನಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೋದಾಗೆಲ್ಲ ಆ ‘ಎರಡೂ ಹೌದು’ಗಳಿಗೆ ಟಿಕ್ ಹಾಕಿ ಹಾಕಿ ನನ್ನ ಬೆರಳು ನೋಯುತ್ತದೆ. ಒಳಗೊಳಗೆ ಮಾತ್ರ ನಾನು ವಿಜ್ಞಾನದ ಪಕ್ಷ. ಯೋಜನೆ ಹಾಕಲು ಬಾರದವರು ತಮ್ಮ ಸೋಮಾರಿತನಕ್ಕೆ ಇಟ್ಟುಕೊಂಡ ಒಳ್ಳೆಯ ಹೆಸರೇ ಕಲೆ ಎಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ವಾದ ಮಾಡಿದ್ದೇನೆ. ಗಟ್ಟಿ ದನಿ ಇರುವುದರಿಂದ ಗೆದ್ದೂ ಇದ್ದೇನೆ.

ನನ್ನ ವಾದಕ್ಕೆ ಮನೆಯಲ್ಲೇ ಒಬ್ಬ ಎದುರಾಳಿ ಇದ್ದರು, ನನ್ನ ಅತ್ತೆ. ಹಾಗೊಂದು ವಾದ ನಡೆಯುತ್ತಿದೆ ಎನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಿಂದ ಒಳಗೆ ಎರಡು ಮೈಲಿ ನಮ್ಮೂರು. ಊರಿನಲ್ಲಿ ಹದಿನಾಲ್ಕು ಮನೆಯವರು ರೇಷ್ಮೆ ಹುಳು ಮೇಯಿಸುತ್ತೇವೆ. ಹನ್ನೊಂದು ಮನೆ ನಮ್ಮ ಮೇಲಿನ ಬೀದಿಯಲ್ಲಿವೆ, ಮೂರು ಮನೆ ಕೆರೆ ಪಕ್ಕದ ಕಾಲೊನಿಯಲ್ಲಿ. ಚಾಕಿ ಕೇಂದ್ರದಿಂದ ಎಳೆ ಹುಳು ತರುವ ಮೊದಲು ಮೇಲಿನ ಬೀದಿಯ ಹೆಂಗಸರೆಲ್ಲ ಬಂದು ಅತ್ತೆಯನ್ನು ಒಂದು ಮಾತು ಕೇಳುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತು ಕಾಯಿ ಬಿಡಿಸುತ್ತಲೋ ರಾಗಿ ಕೇರುತ್ತಲೋ, ನೀನು ಅಮಾವಾಸ್ಯೆ ಕಳೆದ ಮೇಲೆ ತಾ, ನಿಮ್ಮಕ್ಕ ಗುರುವಾರ ತರಲಿ, ನೀನು ಇನ್ನೂ ನಾಲ್ಕು ದಿನ ಸುಮ್ಮನಿರು ಎನ್ನುತ್ತಿದ್ದರು. ಕಾರಣ ಕೇಳಿದರೆ ಹೇಳುತ್ತಿರಲಿಲ್ಲ. ಹನ್ನೆರಡು ವರ್ಷ ಈ ದರ್ಬಾರು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ಕಾರ್ತಿಕದಲ್ಲಿ ನನಗೆ ಅವಕಾಶ ಸಿಕ್ಕಿತು. ಮಂಚೇನಹಳ್ಳಿಗೆ ಕೊಟ್ಟಿರುವ ನಾದಿನಿಗೆ ಎರಡನೇ ಹೆರಿಗೆಯಾಗಿ, ಅವಳು ತವರಿಗೆ ಬರುವ ಬದಲು ಅತ್ತೆಯೇ ಬಾಣಂತನಕ್ಕೆಂದು ಅಲ್ಲಿಗೆ ಹೋದರು. ಅವರ ಬಸ್ಸು ಊರು ದಾಟಿತೋ ಇಲ್ಲವೋ, ನಾನು ಹದಿನಾಲ್ಕು ಮನೆಯವರನ್ನೂ ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದೆ. ಎಲ್ಲರಿಗೂ ಒಂದೇ ದಿನ, ಒಂದೇ ಚಾಕಿ ಕೇಂದ್ರದಿಂದ, ಒಂದೇ ವ್ಯಾನಿನಲ್ಲಿ ಹುಳು ತರಿಸುವುದು ಎಂದು ಯೋಜನೆ ಹಾಕಿದೆ. ಒಬ್ಬೊಬ್ಬರೇ ಬೈಕಿನಲ್ಲಿ ಹೋಗಿ ಕಾಯುವುದು ಬೇಡ, ಸೊಪ್ಪು ಕೊಯ್ಯುವ ದಿನ ಎಲ್ಲರಿಗೂ ಒಂದೇ, ಔಷಧಿಯೂ ಒಟ್ಟಿಗೇ. ಗಂಡಸರೆಲ್ಲ ಹೆಬ್ಬೆರಳೆತ್ತಿದ ಗುರುತು ಒತ್ತಿದರು. ನನ್ನ ಗಂಡ ಕೂಡ ಒತ್ತಿದರು, ಪಕ್ಕದ ಕೋಣೆಯಿಂದ.

ಅನುಮಾನ ಪಟ್ಟವರು ಒಬ್ಬರೇ, ಪಕ್ಕದ ಮನೆಯ ಅಕ್ಕ. ಎಲ್ಲರದೂ ಒಂದೇ ದಿನವಾ ಎಂದು ಎರಡು ಸಲ ಕೇಳಿದರು. ದೊಡ್ಡ ಪ್ರಮಾಣದಲ್ಲಿ ಒಟ್ಟಿಗೆ ಮಾಡುವುದರಿಂದ ಎಷ್ಟೆಲ್ಲ ಅನುಕೂಲ ಎಂದು ನಾನು ಕಾಲು ಗಂಟೆ ಪಾಠ ಮಾಡಿದೆ. ಓದಿದವರು ನೀವು, ನಿಮಗೆ ಗೊತ್ತಿರುತ್ತೆ ಎಂದು ಅವರು ಹೊಗೆಸೊಪ್ಪು ಉಗಿಯಲು ಎದ್ದು ಹೋದರು. ವ್ಯಾನು ಬಂದ ದಿನ ನಾನು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಸ್ಟಾಫ್ ರೂಮಿಗೂ ಕಳಿಸಿದೆ.

ಹುಳುವಿನ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಹುಳು ನಾಲ್ಕು ಸಲ ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ಕೂತು ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರ ಎದ್ದು ಏಳೆಂಟು ದಿನ ಹೊಟ್ಟೆ ಬಿರಿಯ ತಿಂದ ಮೇಲೆ ಹುಳು ಹಣ್ಣಾಗುತ್ತದೆ. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ, ಬಿದಿರಿನ ಚಂದ್ರಿಕೆಗೆ ಹಾಕಬೇಕು, ಅದು ಗೂಡು ಕಟ್ಟುವುದು ಅಲ್ಲಿಯೇ. ಅರ್ಧ ದಿನದೊಳಗೆ ಆರಿಸದಿದ್ದರೆ ಹುಳು ಕಂಡಕಂಡಲ್ಲಿ ಕಸದ ಮೇಲೆಯೇ ನೂಲು ಬಿಟ್ಟು, ತಿಂಗಳಿಡೀ ಪಟ್ಟ ಪಾಡೆಲ್ಲ ಹಾಳು. ಒಂದು ಮನೆಯ ಹುಳುವಿಗೆ ಹದಿನೈದು ಜನವಾದರೂ ಬೇಕು. ಆ ಹದಿನೈದು ಜನ ಕೂಲಿಯವರಲ್ಲ, ಬೀದಿಯವರೇ. ಇವತ್ತು ನನ್ನ ಮನೆಗೆ ನೀನು, ನಾಲ್ಕು ದಿನ ಬಿಟ್ಟು ನಿನ್ನ ಮನೆಗೆ ನಾನು. ಇದಕ್ಕೆ ಮುಯ್ಯಾಳು ಎಂದು ಹೆಸರು. ಯಾರ ಮನೆಯ ಕೆಲಸವೋ ಅವರ ಮನೆಯಲ್ಲಿ ಊಟ.

ಈಗ ನನ್ನ ದಡ್ಡತನ ನಿಮಗೆ ಅರ್ಥವಾಗಿರಬಹುದು. ನನಗೆ ಆಗಿರಲಿಲ್ಲ. ನಾನು ಕಾಲೇಜಿನವಳು, ಮುಯ್ಯಾಳಿಗೆಂದು ಯಾರ ಮನೆಗೂ ಹೋದವಳಲ್ಲ, ಎಲ್ಲ ಕಡೆಗೂ ಅತ್ತೆಯೇ ಹೋಗುತ್ತಿದ್ದರು. ಬೀದಿಯವರಿಗೂ ಹೊಳೆಯಲಿಲ್ಲ ಎನ್ನುವುದು ಸೋಜಿಗ. ಯಾವಾಗ ತರುವುದು ಎನ್ನುವ ಯೋಚನೆಯನ್ನು ಅವರು ಎಷ್ಟೋ ವರ್ಷದಿಂದ ಅತ್ತೆಗೆ ವಹಿಸಿ ನಿಶ್ಚಿಂತೆಯಾಗಿದ್ದರು. ಪ್ರತಿಯೊಂದು ಮನೆಯೂ ಉಳಿದವರು ತಮ್ಮಲ್ಲಿಗೆ ಬರುತ್ತಾರೆ ಎಂದುಕೊಂಡಿತ್ತು.

ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನ ಅತ್ತೆ ವಾಪಸು ಬಂದರು. ಬಸ್ಸಿಳಿದವರು ನೇರ ಮನೆಗೆ ಬರದೆ, ಬೀದಿಯ ಆ ತುದಿಯಿಂದ ಒಂದೊಂದೇ ಹುಳುಮನೆ ಇಣುಕಿಕೊಂಡು ಬಂದರು. ನಾನು ಕಾಫಿ ಹಿಡಿದು ನಿಂತಿದ್ದೆ, ಹೊಗಳಿಕೆ ಬರುತ್ತದೆಂದು.

"ಎಲ್ಲಾ ಮನೇಲೂ ಒಂದೇ ದಿನ ಜ್ವರಕ್ಕೆ ಕೂತವೆ," ಅಂದರು. "ಹಣ್ಣಾದಾಗ ಯಾರ ಮನೇಗೆ ಯಾರಮ್ಮ ಬರ್ತಾರೆ?"

ಕಾಫಿ ನನ್ನ ಕೈಯಲ್ಲೇ ಆರಿತು. ಅಮಾವಾಸ್ಯೆ, ಗುರುವಾರ, ನಾಲ್ಕು ದಿನ ಸುಮ್ಮನಿರು ಎಂದು ಅವರು ಹೇಳುತ್ತಿದ್ದುದರ ಅರ್ಥವೆಲ್ಲ ಒಟ್ಟಿಗೇ ತಲೆಗೆ ಬಡಿಯಿತು. ಹನ್ನೊಂದು ಮನೆಯ ಹುಳು ಬೇರೆ ಬೇರೆ ದಿನ ಹಣ್ಣಾಗುವಂತೆ ಅವರು ಜಗಲಿಯ ಮೇಲೆ ಕೂತು ನೋಡಿಕೊಳ್ಳುತ್ತಿದ್ದರು. ಅದನ್ನು ನಾನು ಒಂದು ವ್ಯಾನಿನಿಂದ ಹೊಸಕಿ ಹಾಕಿದ್ದೆ. ಕೂಲಿಯವರನ್ನು ಕರೆಯೋಣವೆಂದರೆ ರಾಗಿ ಕೊಯ್ಲಿನ ಕಾಲ, ಸುತ್ತಲಿನ ಹತ್ತು ಊರಲ್ಲಿ ಒಬ್ಬರೂ ಸಿಕ್ಕುವಂತಿರಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ವಿಷಯ ಗೊತ್ತಾಯಿತು. ಬೈಯಲು ಯಾರೂ ಬರಲಿಲ್ಲ, ಅದೇ ಹೆಚ್ಚು ನೋವಾಯಿತು. ಹದಿನಾಲ್ಕು ಮನೆಯ ಬೆಳೆ ಹೋದರೆ ನಾನು ಇನ್ನು ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ.

ಅತ್ತೆ ಮಾತ್ರ ಗಾಬರಿಯಾಗಲಿಲ್ಲ. ಗಾಬರಿ ಇಲ್ಲದಾಗ ಅವರ ಬಾಯಲ್ಲಿ ತೆಲುಗು ಬರುತ್ತದೆ. ಪರವಾಲೇದು, ಏನೂ ಚಿಂತೆಯಿಲ್ಲ ಎಂದು, ಊಟ ಮಾಡಿ ಮಲಗಿಬಿಟ್ಟರು. ಬೆಳಿಗ್ಗೆ ನಾನು ಕಾಲೇಜಿಗೆ ಹತ್ತು ದಿನ ರಜೆ ಬರೆದೆ. ರೇಷ್ಮೆ ಇಲಾಖೆಯ ಒಬ್ಬ ಹಿರಿಯ ನೌಕರರಿಗೆ ಫೋನ್ ಮಾಡಿ, ಹುಳು ಹಣ್ಣಾಗುವುದನ್ನು ಹಿಂದೆ ಮುಂದೆ ಮಾಡಬಹುದೇ ಎಂದು ಕೇಳಿದೆ. ಆಗುತ್ತದೆ ಎಂದರು. ಮನೆ ಬೆಚ್ಚಗಿಟ್ಟು, ಜ್ವರ ಎದ್ದ ಕೂಡಲೇ ಸೊಪ್ಪು ಕೊಟ್ಟು, ಕೊನೆಗೆ ಮಾಗಿಸುವ ಔಷಧಿ ಸಿಂಪಡಿಸಿದರೆ ಬೇಗ ಆಗುತ್ತದೆ. ಸೊಪ್ಪನ್ನು ಒಂದು ದಿನ ತಡೆದು, ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ ತಣ್ಣಗಿಟ್ಟರೆ ತಡವಾಗುತ್ತದೆ, ಆದರೆ ಗೂಡಿನ ತೂಕ ತುಸು ಕಡಿಮೆಯಾಗುತ್ತದೆ. ನನಗೆ ಅಷ್ಟು ಸಾಕಾಗಿತ್ತು. ಹದಿನಾಲ್ಕು ಹುಳುಮನೆಯಲ್ಲೂ ಥರ್ಮಾಮೀಟರ್ ಇಟ್ಟೆ. ಆರ್‌ಸಿಸಿ ಮನೆ ಎಷ್ಟು ಕಾಯುತ್ತದೆ, ಹೆಂಚಿನ ಮನೆ ಎಷ್ಟು ತಣ್ಣಗಿರುತ್ತದೆ ಎಂದು ಬರೆದುಕೊಂಡು, ಮನೆಗಳನ್ನು ಮೂರು ಪಾಲು ಮಾಡಿದೆ. ಐದು ಮನೆ ಮೊದಲ ದಿನಕ್ಕೆ, ಐದು ಎರಡನೇ ದಿನಕ್ಕೆ, ನಾಲ್ಕು ಮೂರನೇ ದಿನಕ್ಕೆ. ತಪ್ಪು ನನ್ನದು, ಅದಕ್ಕೆ ನಮ್ಮ ಮನೆಯನ್ನು ಕೊನೆಯ ದಿನಕ್ಕೆ ಹಾಕಿದೆ.

ಪಟ್ಟಿಯನ್ನು ಅತ್ತೆಗೆ ಓದಿ ಹೇಳಿದರೆ ಅವರು ಕೆಡವಿ ಕಟ್ಟಿದರು. ಈ ಮನೆಯಲ್ಲಿ ಮಾವನಿಗೆ ಮೈ ಸರಿಯಿಲ್ಲ, ಮೊದಲ ದಿನವೇ ಮುಗಿಸಿಕೊಡು. ಈ ಇಬ್ಬರು ಓರಗಿತ್ತಿಯರು ಮೋಟಾರಿನ ಜಗಳವಾದಾಗಿನಿಂದ ಮಾತಾಡುವುದಿಲ್ಲ, ಹುಳುವಿನ ಒಂದೇ ಸ್ಟ್ಯಾಂಡಿನ ಮುಂದೆ ನಿಲ್ಲಿಸಬೇಡ. ಪಕ್ಕದ ಮನೆಯವಳ ಕೈ ಎಲ್ಲರಿಗಿಂತ ಚುರುಕು, ಆದರೆ ಹೊಗೆಸೊಪ್ಪಿನ ಕೈ ಹುಳುವಿಗೆ ವಿಷ, ಅವಳಿಗೆ ಅಡುಗೆ ಒಪ್ಪಿಸು, ಅಡುಗೆಯೂ ಬೇಗ ಆಗುತ್ತೆ. ನಾನು ಬಾಯಿಬಿಟ್ಟುಕೊಂಡು ಬರೆದುಕೊಂಡೆ. ಇದು ಯಾವ ಥರ್ಮಾಮೀಟರಿಗೂ ಸಿಕ್ಕುವಂಥದಲ್ಲ. ಸ್ಟಾಫ್ ರೂಮಿನಲ್ಲಿ ಗೆದ್ದ ವಾದವನ್ನೆಲ್ಲ ಆ ಒಂದು ಬೆಳಿಗ್ಗೆ ಸೋತುಬಿಟ್ಟೆ, ಸೋಲುವುದು ಇಷ್ಟು ಸುಖ ಎಂದು ಗೊತ್ತಿರಲಿಲ್ಲ.

ಹಾಗೆಂದು ಅತ್ತೆಯೇ ಪೂರ್ತಿ ಗೆದ್ದರು ಎಂದುಕೊಳ್ಳಬೇಡಿ. ಮೇಲಿನ ಬೀದಿಯಲ್ಲಿ ಕೆಲಸಕ್ಕೆ ಬರುವವರು ಇಪ್ಪತ್ತೆರಡು ಜನ. ದಿನಕ್ಕೆ ಐದು ಮನೆ ಮುಗಿಸಲು ಬೇಕಾದ ಹದಿನೈದರ ಎರಡು ತಂಡಕ್ಕೆ ಎಂಟು ಜನ ಕಡಿಮೆ. ನನ್ನ ಪಟ್ಟಿಯಲ್ಲಿ ಮೂವತ್ತು ಇತ್ತು, ಏಕೆಂದರೆ ನಾನು ಕಾಲೊನಿಯ ಎಂಟು ಜನರನ್ನೂ ಸೇರಿಸಿ ಎಣಿಸಿದ್ದೆ. ಅತ್ತೆಯ ಎಣಿಕೆಯಲ್ಲಿ ಅವರು ಯಾವತ್ತೂ ಇರಲಿಲ್ಲ. ಅವರ ಹುಳುವನ್ನು ಅವರೇ, ನೆಂಟರನ್ನು ಕರೆಸಿ ಆರಿಸಿಕೊಳ್ಳುತ್ತಿದ್ದರು. ಅವರು ಬೇರೆ, ನಾವು ಬೇರೆ, ಮೊದಲಿಂದ ಹಂಗೇ ಎಂದರು ಅತ್ತೆ. ಅಷ್ಟೊಂದು ಸೂಕ್ಷ್ಮ ಬಲ್ಲ ಆ ಕಣ್ಣಿಗೆ ಎಂಟು ಜನ ಕಾಣುತ್ತಲೇ ಇರಲಿಲ್ಲ. ಏನೂ ತಿಳಿಯದ ನನ್ನ ಪಟ್ಟಿಗೆ ಕಂಡಿತ್ತು. ಜಾತಿ ಅದರ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ನಾನು ಹಟ ಹಿಡಿದೆ. ಕೊನೆಗೆ ಅತ್ತೆ, ಕರೆಯೋದಾದರೆ ಕರಿ, ಅವರ ಮೂರು ಮನೆಯನ್ನು ಕೊನೆಯ ದಿನಕ್ಕೆ ಇಡು ಎಂದರು. ಕೊನೆಯ ದಿನ ಎಂದರೆ ಹಗುರ ಗೂಡು. ನಾನು ದಿನಕ್ಕೊಂದರಂತೆ ಮೂರೂ ದಿನಕ್ಕೆ ಹಂಚಿ ಪಟ್ಟಿ ಮಡಚಿದೆ. ಅತ್ತೆ ನನ್ನ ಹತ್ತಿರ ಮಾತು ಬಿಟ್ಟರು.

ಕಾಲೊನಿಯ ಮೊದಲ ಮನೆಯ ಹೆಂಗಸು ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಏಳು ವರ್ಷದಿಂದ ನಾವಿಬ್ಬರೂ ಬೆಳಿಗ್ಗೆ ಒಂದೇ ಬಸ್ಸು. ಅವರು ನನಗೆ ಮೇಡಂ ಎನ್ನುತ್ತಾರೆ, ನಾನು ಅವರಿಗೆ ಸಿಸ್ಟರ್. ಮಕ್ಕಳ ಜ್ವರ, ಗಂಡಂದಿರ ಮರೆವು, ಹುಳುವಿನ ಹಾಲುರೋಗ, ಮಾತಾಡದ ವಿಷಯವಿಲ್ಲ. ಆದರೂ ಅವರ ಮನೆಯ ಹೊಸಿಲನ್ನು ನಾನು ತುಳಿದಿರಲಿಲ್ಲ, ನಮ್ಮ ಹೊಸಿಲನ್ನು ಅವರೂ ತುಳಿದಿರಲಿಲ್ಲ. ಅವತ್ತು ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಶಾಲೆಯ ಬಹುಮಾನಗಳು. ಹುಳುಮನೆ ನಮ್ಮದಕ್ಕಿಂತ ಚೊಕ್ಕಟವಾಗಿತ್ತು. ನಾನು ಪಟ್ಟಿ ಬಿಚ್ಚಿ ಎಲ್ಲ ವಿವರಿಸಿದೆ, ಅವರು ಪೂರ್ತಿ ಕೇಳಿಸಿಕೊಂಡರು.

"ನಾವು ಎಂಟು ಜನಾನೂ ಬರ್ತೀವಿ ಮೇಡಂ," ಅಂದರು. "ನಮ್ಮನೇಗೆ ಯಾರು ಬರ್ತಾರೆ?"

"ಪಟ್ಟೀಲಿರೋರೆಲ್ಲ ಬರ್ತಾರೆ," ಅಂದೆ.

"ಪಟ್ಟೀಲಿರೋರು ಬರಲ್ಲ. ಬಂದ್ರೂ ಊಟ ಮಾಡಲ್ಲ. ಊಟ ಮಾಡ್ದೆ ಹೋದ್ರೆ ಅದು ಮುಯ್ಯಾಳಲ್ಲ."

ನನಗೆ ಮುಖಕ್ಕೆ ಹೊಡೆದಂತಾಯಿತು, ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೇರೆಯವರ ಪರವಾಗಿ ಮಾತು ಕೊಡಲು ನನಗೆ ಯಾವ ಹಕ್ಕೂ ಇರಲಿಲ್ಲ. ನಾನು ಬರುತ್ತೇನೆ, ನಾನು ಊಟ ಮಾಡುತ್ತೇನೆ ಎಂದಷ್ಟೇ ಹೇಳಿ ಎದ್ದೆ.

ಮೊದಲ ದಿನ ಬೆಳಿಗ್ಗೆ ಐದು ಮನೆಯ ಹುಳು ಹೇಳಿಟ್ಟಂತೆ ಹಣ್ಣಾದವು. ಹೀಟರು, ಔಷಧಿ, ನನ್ನ ಥರ್ಮಾಮೀಟರು ಯಾವುದೂ ಕೈಕೊಡಲಿಲ್ಲ. ಮೈಯೆಲ್ಲ ತಿಳಿ ಹಳದಿ ಬಣ್ಣಕ್ಕೆ ತಿರುಗಿದ ಹುಳುಗಳು ತಲೆಯೆತ್ತಿ ತೂಗಾಡುವುದನ್ನು ಕಂಡು ನಾನು ಚಪ್ಪಾಳೆ ತಟ್ಟಿಬಿಟ್ಟೆ. ಉಳಿದ ಒಂಬತ್ತು ಮನೆಯಲ್ಲಿ ಇನ್ನೂ ಸೊಪ್ಪು ಕಡಿಯುವ ಸದ್ದು, ಮಳೆ ಹನಿಯುವ ಹಾಗೆ. ನನ್ನ ಗಂಡ ಗೌರಿಬಿದನೂರು ಕಡೆಯಿಂದ ಬಾಡಿಗೆ ಚಂದ್ರಿಕೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಕಾಲೊನಿಯ ಎಂಟು ಜನ ಆರು ಗಂಟೆಗೇ ಬಂದು ನಿಂತಿದ್ದರು. ಓರಗಿತ್ತಿಯರಲ್ಲಿ ಒಬ್ಬಳು ಒಳಗೆ, ಒಬ್ಬಳು ಹೊರಗೆ. ಪಕ್ಕದ ಮನೆಯ ಅಕ್ಕ ಒಲೆಯ ಮುಂದೆ ಕೂತು ಎಲ್ಲರಿಗೂ ಕೇಳುವಂತೆ ನನ್ನ ವ್ಯಾನಿನ ಕಥೆ ಹೇಳಿ ನಗಿಸುತ್ತಿದ್ದರು. ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ.

ಆ ದಿನದ ಕೊನೆಯ ಸರದಿ ನರ್ಸಿನ ಮನೆ. ಮೇಲಿನ ಬೀದಿಯಿಂದ ನನ್ನ ಹಿಂದೆ ಬಂದವರು ನಾಲ್ಕೇ ಜನ, ಅವರಲ್ಲಿ ಪಕ್ಕದ ಮನೆಯ ಅಕ್ಕನೂ ಇದ್ದರು, ಹುಳು ಮುಟ್ಟದೆ ಕಸ ಹೊರಹಾಕಲು. ಕಾಲೊನಿಯ ಎಂಟು ಜನ, ನಾವು ಐದು ಜನ ಸೇರಿ ಹೊತ್ತು ಮುಳುಗುವುದರೊಳಗೆ ಮುಗಿಸಿದೆವು. ಎರಡು ಸಾವಿರ ಹುಳು ಎತ್ತಿದ ಮೇಲೆ ನನ್ನ ಬೆರಳುಗಳಿಗೆ ಕೆಲಸ ಗೊತ್ತಾಗಿತ್ತು, ತಲೆಯನ್ನು ಕೇಳದೆ ತಾವೇ ಆರಿಸುತ್ತಿದ್ದವು. ಮುದ್ದೆ, ಕೋಳಿ ಸಾರು ಬಡಿಸಿದರು. ನಾನು ಎರಡು ಮುದ್ದೆ ತಿಂದೆ. ಪಕ್ಕದ ಮನೆಯ ಅಕ್ಕ ಒಂದು ಗಳಿಗೆ ತಟ್ಟೆ ನೋಡಿದರು, ಆಮೇಲೆ ಸಾರಿಗೆ ಖಾರ ಸಾಲದು ಎಂದು ಜೋರಾಗಿ ಹೇಳಿ ತಿನ್ನತೊಡಗಿದರು. ಉಳಿದ ಮೂವರೂ ಕೈ ಹಾಕಿದರು.

ಎರಡನೇ ದಿನ ಕಾಲೊನಿಯ ಮನೆಗೆ ಮೇಲಿನ ಬೀದಿಯಿಂದ ಹನ್ನೊಂದು ಜನ ಬಂದರು. ಯಾಕೆ ಬಂದಿರಿ ಎಂದು ನಾನು ಕೇಳಲು ಹೋಗಲಿಲ್ಲ. ಮೂರು ದಿನವೂ ನಾನು ಎಲ್ಲ ಮನೆಗೂ ಹೋದೆ, ಬಿಟ್ಟ ಮನೆ ಒಂದೂ ಇಲ್ಲ. ಹುಳು ಯಾವ ಗಂಟೆಗೆ ಹಣ್ಣಾಗುತ್ತದೆ ಎನ್ನುವುದಕ್ಕೆ ವಿಜ್ಞಾನ ಬೇಕಾಯಿತು. ಯಾರನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ಅತ್ತೆಯ ಕಲೆ ಬೇಕಾಯಿತು. ಆದರೆ ಜನ ಬಂದದ್ದು ಎರಡರಿಂದಲೂ ಅಲ್ಲ, ನಾವು ಅವರ ಮನೆಗೆ ಹೋದೆವು ಎನ್ನುವುದರಿಂದ. ಪುಸ್ತಕದಲ್ಲಿ ಇದಕ್ಕೆ ಹೆಸರು ಏನಿದೆಯೋ ನಾನು ಹುಡುಕಿಲ್ಲ.

ಹದಿನಾಲ್ಕೂ ಮನೆಯ ಗೂಡು ಆಮೇಲೆ ಶಿಡ್ಲಘಟ್ಟದ ಮಾರುಕಟ್ಟೆ ಮುಟ್ಟಿತು, ಒಂದು ಮನೆಯದೂ ಕೆಡಲಿಲ್ಲ. ಇದನ್ನು ಈಗ ನಾನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ನೆನಪಿರುವುದು ಮೂರನೇ ದಿನದ ಮಧ್ಯಾಹ್ನ.

ಅವತ್ತು ಕಟ್ಟಕಡೆಯದಾಗಿ ನಮ್ಮ ಮನೆ. ಹದಿಮೂರು ಮನೆಯವರ ಕೆಲಸವೂ ಮುಗಿದಿತ್ತು, ಎಲ್ಲರ ಹೊಲದಲ್ಲೂ ರಾಗಿ ಕಾಯುತ್ತಿತ್ತು, ಎಲ್ಲರ ಸೊಂಟವೂ ಬಿದ್ದುಹೋಗಿತ್ತು. ಅವರನ್ನು ಈ ಪಾಡಿಗೆ ತಂದವಳ ಮನೆಗೆ ಅವರು ಏಕೆ ಬರಬೇಕು? ಬರಲಿಲ್ಲವೆಂದರೆ ನಾನೂ ಗಂಡನೂ ಅತ್ತೆಯೂ ಸೇರಿ ಎಷ್ಟಾದರೆ ಅಷ್ಟು ಎತ್ತುವುದು ಎಂದುಕೊಂಡಿದ್ದೆ. ಹನ್ನೆರಡು ಗಂಟೆಗೆ ಬಾಗಿಲಲ್ಲಿ ಚಪ್ಪಲಿಗಳ ಸದ್ದು ಕೇಳಿತು. ಎಣಿಸಿದೆ, ಎಣಿಸುವುದು ನನ್ನ ಚಟ. ಮೂವತ್ತೊಂದು ಜನ. ಪಟ್ಟಿಗಿಂತ ಹೆಚ್ಚು. ಅತ್ತೆ ಮೊದಲ ದಿನಕ್ಕೆ ಹಾಕಿಸಿದ್ದ ಮನೆಯ, ಮೈ ಸರಿಯಿಲ್ಲದ ಮಾವ ಕೂಡ ಕೋಲೂರಿಕೊಂಡು ಬಂದು ಜಗಲಿಯಲ್ಲಿ ಕೂತಿದ್ದರು. ನರ್ಸು ಡ್ಯೂಟಿ ಬದಲಾಯಿಸಿಕೊಂಡು ಕಾಲೊನಿಯ ಉಳಿದ ಏಳೂ ಜನರನ್ನು ಕರೆತಂದಿದ್ದರು. ಅತ್ತೆ ಬಾಗಿಲಲ್ಲಿ ನಿಂತು, ಹೇಳಿ ಕಳಿಸಿದ್ದಕ್ಕೆ ಬಂದಿರಲ್ಲ, ಒಳ್ಳೇದಾಯ್ತು ಎಂದು ಮರ್ಯಾದೆಯ ಮಾತಾಡಿದರು.

"ನೀವು ಹೇಳಿ ಕಳಿಸಿದ್ದಕ್ಕಲ್ಲಮ್ಮ," ಅಂದರು ನರ್ಸು. "ನಿಮ್ಮ ಸೊಸೆ ನಮ್ಮನೇಗೆ ಬಂದಿದ್ರು. ಅದಕ್ಕೆ ಬಂದ್ವಿ."

ಎರಡು ಗಂಟೆಯೊಳಗೆ ನಮ್ಮ ಹುಳುಮನೆ ಖಾಲಿ. ಕೈ ತೊಳೆದು ಎಲ್ಲರೂ ಬಂದರು. ಅತ್ತೆ ಎಲೆಗಳ ಕಟ್ಟು ಹಿಡಿದು ಪಡಸಾಲೆಯ ಬಾಗಿಲಲ್ಲಿ ನಿಂತಿದ್ದರು. ಒಮ್ಮೆ ಅಂಗಳ ನೋಡಿದರು, ಒಮ್ಮೆ ಪಡಸಾಲೆ ನೋಡಿದರು. ಅತ್ತೆ ಬಗ್ಗಿ, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಾಲು ಎಲೆ ಹಾಕಿದರು, ಸಾಲದ್ದಕ್ಕೆ ಎದುರಿಗೆ ಇನ್ನೊಂದು ಸಾಲು. ತಾವೇ ಬಡಿಸುತ್ತ ಬಂದು ನರ್ಸಿನ ಎಲೆಯ ಮುಂದೆ ನಿಂತರು.

"ಮುಂದಿನ ಬೆಳೇಗೆ ನಿಮ್ಮನೇಗೆ ಇವಳನ್ನ ಕಳಿಸಲ್ಲ," ಅಂದರು.

ನರ್ಸು ತಲೆಯೆತ್ತಿ ನೋಡಿದರು.

"ನಾನೇ ಬರ್ತೀನಿ ಕಣಮ್ಮ. ಸಾರಿಗೆ ಖಾರ ಸ್ವಲ್ಪ ಜಾಸ್ತಿ ಹಾಕು."

ಮೊದಲು ನಕ್ಕಿದ್ದು ಪಕ್ಕದ ಮನೆಯ ಅಕ್ಕ, ಆಮೇಲೆ ಎರಡು ಸಾಲೂ ನಕ್ಕವು. ನನಗೆ ಕುಣಿಯಬೇಕು ಎನಿಸಿತು, ಜೊತೆಗೇ ಅಳುವೂ ಬಂತು. ಅತ್ತೆ ನನ್ನ ಕಡೆ ತಿರುಗಿ, ಮಾತು ಬಿಟ್ಟ ಮೇಲೆ ಮೊದಲ ಸಲ ಮಾತಾಡಿ, ಅನ್ನ ಮುಗಿದಿದೆ ತಗೊಂಡು ಬಾ ಎಂದರು. ನಾನು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಓಡಿದೆ.